ಇನ್ನೂರ ತೊಂಬತ್ತೆರಡು ಧನ್ಯವಾದ

ನಾವು ಕೆಲಸ ಮಾಡುವ ಕಟ್ಟಡಕ್ಕೆ ಆರು ಮಹಡಿ, ಹದಿನೆಂಟು ಶೌಚಾಲಯ. ಹದಿನೆಂಟನ್ನೂ ತೊಳೆಯುವವರು ನಾವು ಎಂಟು ಜನ ಹೆಂಗಸರು. ಹದಿನೆಂಟರಲ್ಲಿ ಒಂದರಲ್ಲೂ ನಾವು ಕೂರುವಂತಿಲ್ಲ.

ಬಾಗಿಲ ಪಕ್ಕದ ಪೆಟ್ಟಿಗೆಗೆ ಕಾರ್ಡು ಹಿಡಿದರೆ ಹಸಿರು ದೀಪ ಹತ್ತುತ್ತದೆ, ಬಾಗಿಲು ತೆರೆಯುತ್ತದೆ. ಕಾರ್ಡು ಸಿಬ್ಬಂದಿಗೆ ಮಾತ್ರ. ನಾವು ಸಿಬ್ಬಂದಿ ಅಲ್ಲ, ಗುತ್ತಿಗೆ. ತೊಳೆಯುವ ಹೊತ್ತಿಗೆ ಕಾವಲುಗಾರ ಬಂದು ಬಾಗಿಲು ತೆಗೆದು, ಅದಕ್ಕೆ ಕಾಲು ಅಡ್ಡ ಕೊಟ್ಟು, ಗಡಿಯಾರ ನೋಡುತ್ತ ನಿಲ್ಲುತ್ತಾನೆ. ಏಳು ನಿಮಿಷ. ಬೇರೆಯವರ ಉಚ್ಚೆ ತೊಳೆಯಲು ಏಳು ನಿಮಿಷ ಕೊಡುತ್ತಾರೆ. ನಮ್ಮ ಉಚ್ಚೆಗೆ ಒಂದು ನಿಮಿಷವೂ ಇಲ್ಲ.

ಆ ಕಾವಲುಗಾರ ಬೇರೆ ಯಾರೂ ಅಲ್ಲ, ನನ್ನ ಮೈದುನ. ಗಂಡನ ಸ್ವಂತ ತಮ್ಮ. ಒಂದೇ ಮನೆಯಲ್ಲಿದ್ದೇವೆ. ಅವನಿಗೆ ದಿನವೂ ಎರಡು ಹೊತ್ತು ಬಡಿಸುವವಳು ನಾನು. ಅಲ್ಲಿ "ಅತ್ತಿಗೆ, ಇನ್ನೊಂಚೂರು ಹಾಕಿ" ಎಂದು ತಟ್ಟೆ ಚಾಚುತ್ತಾನೆ. ಇಲ್ಲಿ ನೀಲಿ ಅಂಗಿ ತೊಟ್ಟು ಕೊರಳಿಗೆ ಸೀಟಿ ಹಾಕಿಕೊಂಡ ಮೇಲೆ "ಏಯ್, ಆರು ನಿಮಿಷ ಆಯ್ತು" ಎನ್ನುತ್ತಾನೆ. ಅವನಿಗೂ ಆ ಕಾರ್ಡು ಸ್ವಂತದ್ದಲ್ಲ, ಸಂಜೆ ವಾಪಸ್ ಕೊಡಬೇಕು. ಅವನು ಜನರೇಟರ್ ಗೋಡೆಯ ಹಿಂದೆ ಹೋಗುತ್ತಾನೆ. ಗಂಡಸು, ನಡೆಯುತ್ತದೆ.

ನಮಗಿರುವುದು ರಸ್ತೆಯ ಆಚೆಯ ಪೆಟ್ರೋಲ್ ಬಂಕು. ಬಂಕಿನವನು "ಗಾಡಿ ಎಲ್ಲಿ?" ಎಂದು ಕೇಳುತ್ತಾನೆ. ಗಾಡಿ ಇಲ್ಲದವರಿಗೆ ಅಲ್ಲಿಯೂ ಬೀಗ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಅವಳು ಒಂದು ದಿನ ಕಸದ ತಳ್ಳುಗಾಡಿಯನ್ನೇ ರಸ್ತೆ ದಾಟಿಸಿಕೊಂಡು ಹೋಗಿ, "ಇದೇ ನನ್ನ ಗಾಡಿ, ಮುಂದಿನ ಚಕ್ರಕ್ಕೆ ಗಾಳಿ ಹಾಕಪ್ಪಾ" ಎಂದು ನಿಂತಳು. ಆವತ್ತು ಅವನು ನಕ್ಕು ಬೀಗದ ಕೈ ಕೊಟ್ಟ. ದಿನವೂ ನಗಿಸಲು ನಮ್ಮಿಂದಾಗುತ್ತದೆಯೇ?

ಹಾಗಾಗಿ ನಾವು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಒಂದು ಗುಟುಕೂ ಇಲ್ಲ. ನಾಲಿಗೆ ಅಂಗುಳಿಗೆ ಅಂಟುತ್ತದೆ. ಕೆಳಗೆ ಉರಿಯುತ್ತದೆ. ದೊಡ್ಡಕ್ಕನಿಗೆ ಸೊಂಟದ ಹಿಂದೆ ನೋವು ಬಂತು. ಡಾಕ್ಟರು ಜಾಸ್ತಿ ನೀರು ಕುಡಿಯಲು ಹೇಳಿದರು. "ಕುಡೀತೀನಿ ಡಾಕ್ಟ್ರೇ, ಎಲ್ಲಿ ಬಿಡ್ಬೇಕು ಅನ್ನೋದನ್ನೂ ಚೀಟೀಲಿ ಬರ್ಕೊಡಿ" ಎಂದಳು ದೊಡ್ಡಕ್ಕ. ಡಾಕ್ಟರು ಬರೆಯಲಿಲ್ಲ.

ಡಾಕ್ಟರ ಮಾತು ಕೇಳಿ ಅವಳು ನೀರು ಕುಡಿದು ಬಂದ ದಿನವೇ ಅದು ಆಯಿತು. ಮೂರನೇ ಮಹಡಿಯ ಕಾರಿಡಾರಿನಲ್ಲಿ, ಬಂಕಿಗೆಂದು ಓಡುವಾಗ. ಬಟ್ಟೆ ಒದ್ದೆಯಾಯಿತು. ನೆಲ ಒದ್ದೆಯಾಯಿತು. ಐವತ್ತೆಂಟು ವರ್ಷದ ಹೆಂಗಸು, ಮೊಮ್ಮಕ್ಕಳು ಇರುವವಳು. ಸಿಬ್ಬಂದಿಯವರು ಮೂಗು ಹಿಡಿದುಕೊಂಡು ಸುತ್ತಿ ಹೋದರು. ಒಬ್ಬರು ದೂರದಿಂದಲೇ "ಯಾರಾದ್ರೂ ಕ್ಲೀನರ್‌ನ ಕರೀರಿ" ಎಂದು ಕೂಗಿದರು. ದೊಡ್ಡಕ್ಕ ತಾನೇ ಬಕೆಟ್ ತಂದಳು. ಒದ್ದೆ ಬಟ್ಟೆಯಲ್ಲೇ ಮಂಡಿಯೂರಿ ಒರೆಸಿದಳು. ನಾನು ಬಂದಾಗ ಮುಗಿದಿತ್ತು. ಅವಳು ಅಳುತ್ತಿರಲಿಲ್ಲ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಇದೆ.

ಮಾರನೇ ದಿನ ಅರ್ಜಿ ಬರೆದೆ. ಏಳನೇ ಕ್ಲಾಸು ಓದಿದ್ದೇನೆ, ಬರೆಯಲು ಬರುತ್ತದೆ. ನಮ್ಮ ಎಂಟು ಜನಕ್ಕೂ ಶೌಚಾಲಯದ ಕಾರ್ಡು ಕೊಡಿ, ಅಷ್ಟೇ. ಕಾರ್ಡು ಯಾರಿಗೆ ಎಂದು ತೀರ್ಮಾನಿಸುವುದು ಸಿಬ್ಬಂದಿ ಸಂಘದ ಅಧ್ಯಕ್ಷರು. ನಾವು ಅವರನ್ನು ಕರೆಯುವುದು ಕಂದು ಬೂಟು ಎಂದು. ನೆಲ ನೋಡುತ್ತ ದುಡಿಯುವವರಿಗೆ ಜನರ ಮುಖ ಗೊತ್ತಿರುವುದಿಲ್ಲ, ಬೂಟು ಗೊತ್ತಿರುತ್ತದೆ. ಏಳು ವರ್ಷದಲ್ಲಿ ಅಧ್ಯಕ್ಷರ ಮುಖವನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಬೂಟನ್ನು ಕತ್ತಲಲ್ಲೂ ಗುರುತಿಸಬಲ್ಲೆ, ಎಡಗಾಲಿನ ಹಿಮ್ಮಡಿ ಹೊರಗಡೆ ಸವೆದಿದೆ.

ಅರ್ಜಿಯನ್ನು ಬೆಳಿಗ್ಗೆ ಅವರ ಮೇಜಿನ ಮೇಲಿಟ್ಟೆ. ಸಂಜೆ ಅವರ ಕಸದ ಬುಟ್ಟಿ ಖಾಲಿ ಮಾಡಲು ಹೋದಾಗ ಅದು ಎರಡು ತುಂಡಾಗಿ, ಚಹಾದ ಲೋಟದ ಕೆಳಗೆ ಬಿದ್ದಿತ್ತು. ನನ್ನ ಅರ್ಜಿಯನ್ನು ನಾನೇ ಕಸಕ್ಕೆ ಸುರಿದೆ. ಎರಡನೇ ಸಲ ಬರೆದೆ. ಎರಡನೇ ಸಲವೂ ನಾನೇ ಸುರಿದೆ.

"ಮೂರನೇ ಸಲ ನೀನೇ ನೇರ ಬುಟ್ಟಿಗೆ ಹಾಕ್ಬಿಡೇ, ಪಾಪ ಅವ್ರಿಗೆ ಹರಿಯೋ ಕಷ್ಟ ತಪ್ಪುತ್ತೆ" ಎಂದಳು ದೊಡ್ಡಕ್ಕ.

ಅಷ್ಟರಲ್ಲಿ ಸಂಘದ ಚುನಾವಣೆ ಬಂತು. ಕಂದು ಬೂಟು ಮತ್ತೆ ನಿಂತರು. ಎದುರಾಳಿ ಹರಕು ಚಪ್ಪಲಿ ತಾತ. ತಾತ ಹಳೆ ಕಡತಗಳ ಕೋಣೆಯವರು. ಬಲಗಾಲಿನ ಚಪ್ಪಲಿಯ ಪಟ್ಟಿಗೆ ಕಡತ ಕಟ್ಟುವ ದಾರದಿಂದಲೇ ಹೊಲಿಗೆ ಹಾಕಿಕೊಂಡವರು. ಹಿಂದಿನ ಸಲ ಕಾಗದದ ಚೀಟಿಯ ಚುನಾವಣೆಯಲ್ಲಿ ನಾಲ್ಕೇ ನಾಲ್ಕು ಓಟಿಗೆ ಸೋತಿದ್ದರು. ಈ ಸಲ ಕಂದು ಬೂಟು, ಕಾಗದ ಬೇಡ, ಯಂತ್ರ ಎಂದರು. ಯಂತ್ರ ತಂದವನು ಬಿಳಿ ಬೂಟು ಹಾಕಿದ ಒಬ್ಬ ತಜ್ಞ. ನಾವು ಒರೆಸಿದ ನೆಲದ ಮೇಲೆ ಕಿರಿಕ್ ಕಿರಿಕ್ ಎಂದು ನಡೆಯುತ್ತಿದ್ದ.

ಸಭೆಯ ಕೋಣೆಯಲ್ಲಿ ಯಂತ್ರ ನಿಲ್ಲಿಸಿದ ದಿನ ಬಿಳಿ ಬೂಟು ಭಾಷಣವನ್ನೇ ಮಾಡಿದ.

"ಇದನ್ನ ಪ್ರಪಂಚದ ಯಾವ ಕಳ್ಳನೂ ಮುಟ್ಟೋಕಾಗಲ್ಲ. ಮೂರು ಬೀಗ, ಎರಡು ಸೀಲು, ಮೇಲೆ ಕ್ಯಾಮೆರಾ, ಬಾಗಿಲಲ್ಲಿ ಕಾವಲು. ಇಂಟರ್ನೆಟ್ಟೂ ಇಲ್ಲ. ಸಿಬ್ಬಂದಿ ಕಾರ್ಡು ಹಿಡಿದ್ರೆ ಮಾತ್ರ ತೆರೆಯುತ್ತೆ, ಒಂದು ಕಾರ್ಡಿಗೆ ಒಂದೇ ಓಟು."

"ಕಾಗದ ಕಾಗದಾನೇ ಕಣಯ್ಯಾ" ಎಂದರು ತಾತ. "ಅನುಮಾನ ಬಂದ್ರೆ ಸುರಿದು ಇನ್ನೊಂದು ಸಲ ಎಣಿಸ್ಬಹುದು. ನಿನ್ನ ಡಬ್ಬಿ ಹೊಟ್ಟೇಲಿ ಏನಾಯ್ತು ಅಂತ ಯಾರಿಗ್ಗೊತ್ತು?"

"ಕಾಗದಾನ ಇಲಿ ತಿನ್ನುತ್ತೆ ಯಜಮಾನ್ರೇ."

"ಇಲಿ ತಿಂದ್ರೆ ಹಿಕ್ಕೆನಾದ್ರೂ ಬಿಟ್ಟು ಹೋಗುತ್ತೆ. ನಿನ್ನ ಡಬ್ಬಿ ಏನು ಬಿಟ್ಟು ಹೋಗುತ್ತೆ?"

ಅವರಿಬ್ಬರ ಕಾಲುಗಳ ನಡುವೆ ನಾನು ನೆಲ ಒರೆಸುತ್ತಿದ್ದೆ. ಮಾತು ನಿಲ್ಲಿಸದೆ ಒಬ್ಬರಾದ ಮೇಲೊಬ್ಬರು ಕಾಲೆತ್ತಿ ಬಟ್ಟೆಗೆ ದಾರಿ ಕೊಟ್ಟರು. ಆಗ ಕಂದು ಬೂಟು ನನ್ನ ಮುಂದೆ ಬಂದು ನಿಂತಿತು.

"ಏ ಅಮ್ಮಾ, ಈ ಗಾಜನ್ನ ಆಗಾಗ ಒರೆಸ್ತಾ ಇರ್ಬೇಕು. ಮೇಲೆ ಬೆರಳಚ್ಚು ಉಳೀಬಾರ್ದು. ಯಾರು ಎಲ್ಲಿ ಒತ್ತಿದ್ರು ಅಂತ ಮುಂದಿನೋರಿಗೆ ಗೊತ್ತಾದ್ರೆ ಗುಪ್ತ ಮತದಾನ ಹಾಳಾಗುತ್ತೆ. ತಿಳೀತಾ?"

"ತಿಳೀತು ಸಾರ್" ಎಂದು ಬೂಟಿಗೆ ಹೇಳಿದೆ.

ಒರೆಸುವುದು ನನಗೆ ಯಾರೂ ಕಲಿಸಬೇಕಿಲ್ಲ. ಎಡ ಮೇಲಿನ ಮೂಲೆಯಿಂದ ಶುರು. ಬಲಕ್ಕೆ, ಒಂದು ಹೆಜ್ಜೆ ಕೆಳಗೆ, ಎಡಕ್ಕೆ, ಮತ್ತೆ ಬಲಕ್ಕೆ. ನಡುವೆ ಕಲೆ ಕಂಡರೆ ಹೆಬ್ಬೆರಳಿಗೆ ಬಟ್ಟೆ ಸುತ್ತಿ ಉಜ್ಜಬೇಕು. ಕೊನೆಗೆ ಬಲ ಕೆಳಗಿನ ಮೂಲೆಯಲ್ಲಿ ಒತ್ತಿ ಎತ್ತಬೇಕು, ಇಲ್ಲದಿದ್ದರೆ ಅಲ್ಲಿ ನೀರಿನ ಗೆರೆ ನಿಲ್ಲುತ್ತದೆ. ಇನ್ನೂ ಎರಡು ನಿಯಮಗಳಿವೆ. ನೆಲದ ಮೇಲೆ ಬಿದ್ದದ್ದು ಕಸ, ಗುಡಿಸಬೇಕು. ಅಂಟಿಸಿದ್ದು ಆಸ್ತಿ, ಕೀಳಬಾರದು. ಇವನ್ನು ದೊಡ್ಡಕ್ಕ ಮೊದಲ ದಿನವೇ ನನ್ನ ತಲೆಗೆ ತುಂಬಿದ್ದಳು.

ಮತದಾನ ಮೂರು ದಿನ. ಬಾಗಿಲಲ್ಲಿ ಮೇಜು ಹಾಕಿ ನನ್ನ ಮೈದುನನನ್ನು ಕೂರಿಸಿದರು. ಒಳಗೆ ಹೋಗುವ ಪ್ರತಿಯೊಬ್ಬರ ಹೆಸರನ್ನೂ ಅವನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. ಯಾವಾಗಲೂ ಬರುವ ದೊಡ್ಡ ಸಾಹೇಬರನ್ನೂ ಬಿಡಲಿಲ್ಲ, "ಕಾರ್ಡು ತೋರ್ಸಿ ಸಾರ್" ಎಂದ. ನಾನು ಬಕೆಟ್ ಹಿಡಿದು ಹೋದಾಗ ತಲೆಯೆತ್ತಲೂ ಇಲ್ಲ. ಬಕೆಟ್ ತಾನಾಗಿ ಒಳಗೆ ಹೋಯಿತು ಎಂದುಕೊಂಡನೋ ಏನೋ.

ಗಾಜಿನ ಮೇಲೆ ಎರಡು ಮುಖ. ಎರಡಕ್ಕೂ ಕಾಲಿಲ್ಲ, ಹಾಗಾಗಿ ಯಾರೆಂದು ನನಗೆ ತಿಳಿಯಲಿಲ್ಲ. ಹೆಸರು ಕೆಳಗಿತ್ತು, ಆದರೆ ಕಂದು ಬೂಟಿನ ಹೆಸರೇನೆಂದು ಯಾರಿಗೆ ಬೇಕು. ಮೇಲಿನ ಮುಖ ಸ್ವಚ್ಛವಾಗಿತ್ತು. ಕೆಳಗಿನ ಮುಖದ ಕೆನ್ನೆಯ ಮೇಲೆ ನೊಣ ಗಲೀಜು ಮಾಡಿತ್ತು. ಮೆಣಸಿನ ಕಾಳಿನಷ್ಟು ದಪ್ಪನೆಯ ಕಪ್ಪು ಕಲೆ. ಹೆಬ್ಬೆರಳಿಗೆ ಬಟ್ಟೆ ಸುತ್ತಿ ಉಜ್ಜಿದೆ. ಹೋಗಲಿಲ್ಲ. ಮುಂದೆ ಒರೆಸಿ, ಬಲ ಕೆಳಗಿನ ಮೂಲೆಯಲ್ಲಿದ್ದ ಹಸಿರು ಪಟ್ಟಿಯ ಮೇಲೆ ಒತ್ತಿ ಎತ್ತಿದೆ.

ಟಿಣ್.

"ಧನ್ಯವಾದಗಳು" ಎಂದಿತು ಯಂತ್ರ.

ಹೆಣ್ಣು ದನಿ. ಮೆತ್ತಗಿನ ದನಿ. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇಲ್ಲ. ನನಗೇ ಹೇಳಿದ್ದು.

ಏಳು ವರ್ಷ ಆ ಕಟ್ಟಡ ಒರೆಸಿದ್ದೇನೆ. ಆರು ಮಹಡಿಯ ಮೆಟ್ಟಿಲನ್ನು ಮಂಡಿ ಸವೆಯುವಷ್ಟು ತಿಕ್ಕಿದ್ದೇನೆ. ಯಾರೂ ಆ ಮಾತು ಹೇಳಿರಲಿಲ್ಲ. ಈಗಿನ ಕಾಲದಲ್ಲಿ ಲಿಫ್ಟು ಮಹಡಿ ಬಂತು ಎಂದು ಹೇಳುತ್ತದೆ, ನಲ್ಲಿ ಕೈ ನೋಡಿ ನೀರು ಬಿಡುತ್ತದೆ. ಇದು ಒರೆಸಿದವರಿಗೆ ಧನ್ಯವಾದ ಹೇಳುವ ಯಂತ್ರ ಇರಬೇಕು ಎಂದುಕೊಂಡೆ. ಓಟಿನ ವಿಷಯ ಮನಸ್ಸಿಗೇ ಬರಲಿಲ್ಲ. ಕಾರ್ಡಿಲ್ಲದೆ ಅದು ತೆರೆಯುವುದೇ ಇಲ್ಲ ಎಂದು ಬಿಳಿ ಬೂಟೇ ಹೇಳಿದ್ದನಲ್ಲ.

ಇನ್ನೊಂದು ಸಲ ಒರೆಸಿದೆ. ಕಲೆ ಉಜ್ಜಿದೆ, ಒತ್ತಿ ಎತ್ತಿದೆ. ಟಿಣ್. "ಧನ್ಯವಾದಗಳು." ಮೈಯೆಲ್ಲ ಹಗುರಾಯಿತು. ಹೋದಾಗಲೆಲ್ಲ ಹದಿನೈದು ಇಪ್ಪತ್ತು ಸಲ ಒರೆಸಿದೆ. ಸೊಂಟ ನೋಯುತ್ತಿದ್ದಾಗ ಹೋದೆ. ಮೇಲ್ವಿಚಾರಕ ಬೈದಾಗ ಹೋದೆ. ಮೂರನೇ ದಿನ ನಾನೂ ಮೆಲ್ಲಗೆ "ಪರವಾಗಿಲ್ಲ ಬಿಡಮ್ಮಾ" ಎಂದೆ.

ಫಲಿತಾಂಶ ಬಂದಾಗ ಕಟ್ಟಡವೇ ಗಲಿಬಿಲಿಯಾಯಿತು. ಒಟ್ಟು ಸಿಬ್ಬಂದಿ ನೂರ ಎಂಬತ್ತು. ಪುಸ್ತಕದಲ್ಲಿ ಸಹಿ ಹಾಕಿ ಓಟು ಹಾಕಿದವರು ನೂರ ಹತ್ತು. ತಾತನಿಗೆ ಅರವತ್ತೊಂದು ಓಟು. ಕಂದು ಬೂಟಿಗೆ ಮುನ್ನೂರ ನಲವತ್ತೊಂದು.

ಸಭೆಯ ಕೋಣೆಯಲ್ಲಿ ವಿಚಾರಣೆ ಇಟ್ಟರು. ಯಂತ್ರವನ್ನು ಅಲ್ಲೇ ನಿಲ್ಲಿಸಿದ್ದರು. ಹಾಲು ಬಣ್ಣದ ಬಟ್ಟೆ ಹೊದಿಸಿದ ಹೊಸ ಕುರ್ಚಿಗಳು. ಪ್ರತಿ ಕುರ್ಚಿಯ ಮುಂದೆ ಒಂದು ಲೀಟರ್ ನೀರಿನ ಬಾಟಲಿ. ಬಾಟಲಿ ಜೋಡಿಸಿದವಳು ನಾನೇ. ಅವರು ಮಾತು ಶುರು ಮಾಡಿದಾಗ ಕಿಟಕಿಯ ಸರಳು ಒರೆಸುತ್ತಿದ್ದೆ.

"ಇದು ಹೊರದೇಶದ ಹ್ಯಾಕರ್‌ಗಳ ಕೆಲಸ" ಎಂದ ಬಿಳಿ ಬೂಟು. "ದೊಡ್ಡ ಗ್ಯಾಂಗು ಇರ್ಬೇಕು."

"ಹೊರದೇಶದೋರಿಗೆ ನಮ್ಮ ಸಂಘದ ಅಧ್ಯಕ್ಷ ಯಾರಾದ್ರೆ ಏನಯ್ಯಾ?" ಎಂದರು ತಾತ. "ಇಂಟರ್ನೆಟ್ಟೇ ಇಲ್ಲ ಅಂದೆ. ಹಾಗಿದ್ರೆ ನಡ್ಕೊಂಡು ಬಂದ್ರಾ?"

"ಯಾರಾದರೂ ಬಂದಿದ್ರೆ ಪುಸ್ತಕದಲ್ಲಿರುತ್ತೆ" ಎಂದರು ಕಂದು ಬೂಟು. ಮೈದುನನನ್ನು ಕರೆದರು. ಅವನು ಪುಸ್ತಕ ಎದೆಗವಚಿಕೊಂಡು ಬಂದ. ಸಹಿ ಹಾಕಿದ ನೂರ ಹತ್ತು ಜನ ಬಿಟ್ಟರೆ ಬೇರೆ ಯಾರಾದರೂ ಒಳಗೆ ಹೋಗಿದ್ದರೇ ಎಂದು ಕೇಳಿದರು.

"ಯಾರೂ ಇಲ್ಲ ಸಾರ್. ಒಂದು ನರಪಿಳ್ಳೆನೂ ಒಳಗೆ ಹೋಗಿಲ್ಲ. ಬರೆದು ಸಹಿನೂ ಹಾಕಿದೀನಿ."

ಆಮೇಲೆ ಕ್ಯಾಮೆರಾದ ಚಿತ್ರ ಹಾಕಿದರು. ಗೋಡೆಯಷ್ಟು ದೊಡ್ಡದಾಗಿ ನಾನು ಕಾಣಿಸಿಕೊಂಡೆ. ಬಕೆಟ್ ಇಟ್ಟೆ, ಬಟ್ಟೆ ಹಿಂಡಿದೆ, ಗಾಜು ಒರೆಸಿದೆ.

"ಇದನ್ನ ಮುಂದಕ್ಕೋಡ್ಸಿ, ಯಾರೂ ಇಲ್ಲ ಇಲ್ಲಿ" ಎಂದರು ಕಂದು ಬೂಟು.

ಓಡಿಸಿದರು. ಮತ್ತೆ ನಾನು ಬಂದೆ. ಮತ್ತೆ ಓಡಿಸಿದರು. ಮೂರು ದಿನದ ಚಿತ್ರದಲ್ಲಿ ಹೀಗೆ ನನ್ನನ್ನು ಹದಿನೇಳು ಸಲ ಓಡಿಸಿದರು. ತಾತನೂ ಕಣ್ಣಿಗೆ ಎರಡೆರಡು ಕನ್ನಡಕ ಏರಿಸಿಕೊಂಡು, "ಖಾಲಿ ಕೋಣೆ, ಖಾಲಿ ಕೋಣೆ" ಎನ್ನುತ್ತಿದ್ದರು. ಕಿಟಕಿಯ ಹತ್ತಿರ ನಿಂತು ನಾನು ನನ್ನನ್ನೇ ನೋಡುತ್ತಿದ್ದೆ. ಮೊದಲು ನಗು ಬಂತು. ಹತ್ತನೇ ಸಲಕ್ಕೆ ಹೊಟ್ಟೆ ಉರಿಯಿತು.

"ಅಲ್ಲಿರೋದು ನಾನು ಸಾರ್" ಎಂದೆ.

ಮಾತಾಡಿದ್ದು ಕಿಟಕಿಯೋ ಎಂಬಂತೆ ಎಲ್ಲರೂ ಇತ್ತ ತಿರುಗಿದರು. ಆಗ ನಾನು ಬೂಟಿನಿಂದ ಮೇಲಕ್ಕೆ ನೋಡಿದೆ. ಪ್ಯಾಂಟು, ಹೊಟ್ಟೆ, ಟೈ, ಕೆನ್ನೆ. ಕೆನ್ನೆಯ ಮೇಲೆ ಮೆಣಸಿನ ಕಾಳಿನಷ್ಟು ದಪ್ಪನೆಯ ಕಪ್ಪು ಕಲೆ.

"ಅಯ್ಯೋ, ಅದು ನಿಮ್ಮ ಮಚ್ಚೆನಾ ಸಾರ್!" ಎಂದು ಕೂಗಿಬಿಟ್ಟೆ. "ನೊಣದ ಗಲೀಜು ಅಂದ್ಕೊಂಡು ಮೂರು ದಿನ ಉಜ್ಜಿದೀನಲ್ಲ!"

ಬಿಳಿ ಬೂಟು ಎದ್ದು ಬಂದು ನನ್ನ ಕೈಗೆ ಬಟ್ಟೆ ಕೊಟ್ಟ. ತೋರಿಸು ಎಂದ. ತೋರಿಸಿದೆ. ಎಡ ಮೇಲಿನಿಂದ ಬಲಕ್ಕೆ, ಕೆಳಗೆ, ಮಚ್ಚೆ ಉಜ್ಜು, ಕೆಳಗೆ, ಒತ್ತು, ಎತ್ತು. ಟಿಣ್. "ಧನ್ಯವಾದಗಳು." ಕಂದು ಬೂಟಿಗೆ ಮುನ್ನೂರ ನಲವತ್ತೆರಡನೇ ಓಟು ಬಿತ್ತು.

ತಾತ ಬೆರಳು ಮಡಚಿ ಲೆಕ್ಕ ಹಾಕಿದರು. "ನೂರ ಹತ್ತರಲ್ಲಿ ನನಗೆ ಅರವತ್ತೊಂದು. ನಿಮಗೆ ನಲವತ್ತೊಂಬತ್ತು. ಮಿಕ್ಕಿದ್ದು ಇನ್ನೂರ ತೊಂಬತ್ತೆರಡು ಈಯಮ್ಮನ ಬಟ್ಟೆ ಹಾಕಿದ್ದು. ಅಂದ್ರೆ ಗೆದ್ದೋನು ನಾನು!"

"ಹಾಗಂತ ಹೇಳಕ್ಕಾಗಲ್ಲ" ಎಂದ ಬಿಳಿ ಬೂಟು. "ಕೈ ಒತ್ತಿದ್ದು ಯಾವುದು, ಬಟ್ಟೆ ಒತ್ತಿದ್ದು ಯಾವುದು ಅಂತ ಯಂತ್ರಕ್ಕೆ ಗೊತ್ತಾಗಲ್ಲ. ಗುಪ್ತ ಮತದಾನ. ಆದ್ರೆ ಕಾರ್ಡಿಲ್ದೆ ಹೇಗೆ ತೆರೀತು?"

"ಕಾರ್ಡು ಇದೆಯಲ್ಲ" ಎಂದೆ. ಯಂತ್ರದ ಪಕ್ಕದ ಪೆಟ್ಟಿಗೆಯ ಹಿಂಭಾಗ ತೋರಿಸಿದೆ. ಅಲ್ಲಿ ಒಂದು ಕಾರ್ಡನ್ನು ಟೇಪು ಹಾಕಿ ಅಂಟಿಸಿತ್ತು. "ಮೊದಲ ದಿನದಿಂದ ಇದೆ. ಅಂಟಿಸಿದ್ದು ಆಸ್ತಿ, ನಾವು ಕೀಳಲ್ಲ."

ಬಿಳಿ ಬೂಟು ಬಗ್ಗಿ ನೋಡಿದ. ಅದು ಎಲ್ಲ ಬಾಗಿಲನ್ನೂ, ಯಂತ್ರವನ್ನೂ ಎಷ್ಟು ಸಲ ಬೇಕಾದರೂ ತೆರೆಯುವ ದೊಡ್ಡ ಕಾರ್ಡು. ಕಟ್ಟಡದಲ್ಲಿ ಅಂಥದ್ದು ಒಂದೇ, ಅದೂ ಅಧ್ಯಕ್ಷರ ಹತ್ತಿರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಕಂದು ಬೂಟು ಜೇಬು ಮುಟ್ಟಿಕೊಂಡರು.

"ದೊಡ್ಡ ಸಾಹೇಬ್ರುಗಳು ಕಾರ್ಡು ಮರೆತು ಬರ್ತಾರೆ" ಎಂದರು. "ಅನುಕೂಲಕ್ಕೆ ಅಂತ ನಾನೇ..."

"ನೋಡಿದ್ರಾ!" ತಾತ ಮೇಜು ಗುದ್ದಿದರು. "ಅದಕ್ಕೇ ನಾನು ಕಾಗದ ಕಾಗದ ಅಂತ ಬಡ್ಕೊಂಡಿದ್ದು! ಕಾಗದಾನ ಯಾರಾದ್ರೂ ಬಟ್ಟೇಲಿ ಒರೆಸ್ತಾರಾ?"

ನಾನು ಸುಮ್ಮನಿರಬಹುದಿತ್ತು. ಆದರೆ ಬಾಯಿ ತೆರೆದಿತ್ತು.

"ಒರೆಸಲ್ಲ ತಾತ, ಗುಡಿಸ್ತೀವಿ. ಹಿಂದಿನ ಸಲ ಓಟಿನ ಮರದ ಪೆಟ್ಟಿಗೆ ತಳ ಬಿರುಕು ಬಿಟ್ಟಿತ್ತು. ಚೀಟಿಗಳು ಹಿಂದೆ ನೆಲದ ಮೇಲೆ ಬಿದ್ದಿದ್ವು. ಒಂದು ಮೊರದಷ್ಟು ಇತ್ತು. ನೆಲದ ಮೇಲಿದ್ದದ್ದು ಕಸ. ಗುಡಿಸಿ ಹಾಕ್ದೆ."

ತಾತ ಎರಡೂ ಕನ್ನಡಕ ತೆಗೆದರು.

"ನಾಲ್ಕು ಓಟಲ್ಲಿ ಸೋತಿದ್ದೆ ಕಣಮ್ಮಾ" ಎಂದರು. ಅಳುವ ಹಾಗಿತ್ತು ದನಿ.

"ನನ್ನ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ."

ಕಂದು ಬೂಟಿಗೆ ಧೈರ್ಯ ಬಂತು. ಇದು ಸಂಚು ಎಂದರು, ಎಂಟೂ ಜನರನ್ನು ಕರೆಸಿ ಎಂದರು. ಉಳಿದ ಏಳು ಜನ ಬಂದು ಗೋಡೆಗೆ ಒರಗಿ ನಿಂತರು. ಕೈಯಲ್ಲಿ ಪೊರಕೆ, ಬ್ರಷ್ಷು, ಸೋಪಿನ ನೊರೆ. ಹೊತ್ತು ಮೂರು ಗಂಟೆ. ಬೆಳಿಗ್ಗೆಯಿಂದ ಯಾರ ಬಾಯಿಗೂ ನೀರು ಬಿದ್ದಿರಲಿಲ್ಲ. ಕಂದು ಬೂಟು ಒಂದು ಕಾಗದ ಟೈಪು ಮಾಡಿಸಿ ನನ್ನ ಮುಂದೆ ತಳ್ಳಿದರು. 'ಅನಧಿಕೃತ ವ್ಯಕ್ತಿಯಾದ ನಾನು ಕಾವಲುಗಾರನ ಕಣ್ತಪ್ಪಿಸಿ ಒಳನುಗ್ಗಿ' ಎಂದು ಶುರುವಾಗಿತ್ತು.

"ಸಹಿ ಹಾಕು. ಉಪ್ಪು ತಿಂದೋರು ನೀರು ಕುಡೀಲೇಬೇಕು."

"ನೀರೇ ಕುಡೀದೋರು ನಾವು" ಎಂದಳು ಗೋಡೆಯ ಹತ್ತಿರದಿಂದ ದೊಡ್ಡಕ್ಕ.

ನಾನು ಕಾಗದ ಓದಿದೆ. ಒಳನುಗ್ಗಿದಳಂತೆ. ಕಣ್ತಪ್ಪಿಸಿದಳಂತೆ. ಮೈದುನನ ಮುಖ ನೋಡಿದೆ. ಅವನು ಸೀಟಿ ನೋಡುತ್ತಿದ್ದ.

"ನುಗ್ಗಿಲ್ಲ ಸಾರ್. ಒರೆಸು ಅಂದ್ರಿ, ಒರೆಸಿದೆ. ಸಹಿ ಹಾಕಲ್ಲ."

ಹಾಕಲ್ಲ ಎಂಬ ಮಾತು ನನ್ನ ಬಾಯಿಂದ ಆ ಕಟ್ಟಡದಲ್ಲಿ ಅದುವರೆಗೂ ಬಂದಿರಲಿಲ್ಲ. ಬಂದ ಮೇಲೆ ಹಾಲು ಬಣ್ಣದ ಕುರ್ಚಿ ಎಳೆದು ಕೂತೆ. ಮುಂದಿದ್ದ ಬಾಟಲಿಯ ಮುಚ್ಚಳ ತಿರುಗಿಸಿದೆ. ಎತ್ತಿ ಕುಡಿದೆ. ಗಟಗಟ ಕುಡಿದೆ. ಗದ್ದದಿಂದ ಇಳಿದು ಎದೆ ಒದ್ದೆಯಾಯಿತು. ಒಂದು ಲೀಟರ್ ಮುಗಿಸಿ ಖಾಲಿ ಬಾಟಲಿಯನ್ನು ಅವರ ಮುಂದಿಟ್ಟೆ.

"ಕುಡಿದಾಯ್ತು ಸಾರ್. ಇನ್ನು ಅರ್ಧ ಗಂಟೆ. ಕಾರ್ಡು ಕೊಟ್ರೆ ಅಲ್ಲಿಗೆ ಹೋಗ್ತೀನಿ. ಕೊಡದಿದ್ರೆ ಈ ಕುರ್ಚಿ ಬಿಟ್ಟು ಏಳಲ್ಲ."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ದೊಡ್ಡಕ್ಕನಿಗೆ ಹಿಡಿಯಲಿಲ್ಲ. ಪೊರಕೆ ಗೋಡೆಗಿಟ್ಟು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಬಾಟಲಿ ತೆರೆದಳು. ಅವಳ ಹಿಂದೆ ಉಳಿದ ಆರು ಜನ. ಎಂಟು ಹಾಲು ಬಣ್ಣದ ಕುರ್ಚಿ, ಎಂಟು ಬಾಟಲಿ. ಕೋಣೆಯ ತುಂಬ ಗಟಗಟ ಸದ್ದು.

"ಏನಿದು ಅಸಹ್ಯ!" ಎಂದರು ಕಂದು ಬೂಟು.

"ಮೂರನೇ ಮಹಡೀಲಿ ಆಗಿದ್ದು ಅಸಹ್ಯ ಸಾರ್" ಎಂದಳು ದೊಡ್ಡಕ್ಕ, ಬಾಯಿ ಒರೆಸಿಕೊಂಡು. "ಆಗ ಒರೆಸಿದ್ದು ನಾನೇ. ಈ ಸಲ ಯಾರು ಒರೆಸ್ತಾರೋ ನೋಡೋಣ."

ಕಂದು ಬೂಟು ಪೆನ್ನಿಗೆ ಕೈ ಹಾಕಿದರು. ಆಗ ತಾತ ಅಡ್ಡ ಬಂದರು. "ತಾಳಿ. ನಿಯಮ ನಾಲ್ಕರ ಪ್ರಕಾರ ಕಾರ್ಡು ಇರೋರೆಲ್ಲ ಸಿಬ್ಬಂದಿ. ಸಿಬ್ಬಂದಿಗೆಲ್ಲ ಓಟು. ಕಾರ್ಡು ಕೊಟ್ರೆ ಓಟೂ ಕೊಡ್ಬೇಕಾಗುತ್ತೆ. ಹಳೆ ಕಡತ ತೆಗೆದು ನೋಡ್ಬೇಕು. ಒಂದು ವಾರ ಬೇಕು."

ಮೂರು ವರ್ಷದಿಂದ ಜಗಳವಾಡುತ್ತಿದ್ದ ಇಬ್ಬರೂ ಆ ಒಂದು ಮಾತಿಗೆ ಒಂದಾಗಿ ತಲೆಯಾಡಿಸಿದರು. ನನಗೆ ತಾತನ ಮೇಲೆ ಸ್ವಲ್ಪ ನಂಬಿಕೆ ಇತ್ತು, ಅದೂ ಹೋಯಿತು.

"ನೋಡಿ ತಾತ, ಧಾರಾಳವಾಗಿ ನೋಡಿ" ಎಂದೆ. "ಆದ್ರೆ ನಮ್ಮ ಹೊಟ್ಟೆ ಒಂದು ವಾರ ಕಾಯಲ್ಲ."

ಗೋಡೆಯ ಗಡಿಯಾರ ಎಲ್ಲರಿಗೂ ಕಾಣಿಸುತ್ತಿತ್ತು. ನಾನು ಅದನ್ನೇ ನೋಡಿದೆ. ಏಳು ನಿಮಿಷ ಆಯಿತು. ಹದಿನಾಲ್ಕು ನಿಮಿಷ ಆಯಿತು. ದೊಡ್ಡಕ್ಕ ಕುರ್ಚಿಯಲ್ಲಿ ಈ ಕಡೆಯಿಂದ ಆ ಕಡೆಗೆ ಸರಿದಳು. ಕಂದು ಬೂಟು ಬೆಚ್ಚಿ ಕುರ್ಚಿಯ ಬಟ್ಟೆ ನೋಡಿದರು. ಇಪ್ಪತ್ತನೇ ನಿಮಿಷಕ್ಕೆ ನಮ್ಮಲ್ಲಿ ಕಿರಿಯವಳು ಸಣ್ಣಗೆ "ಅಮ್ಮಾ" ಎಂದಳು. ಬಿಳಿ ಬೂಟು ಕೂತಲ್ಲೇ ತನ್ನ ಬೂಟುಗಾಲನ್ನು ಕುರ್ಚಿಯ ಮೇಲೆತ್ತಿಟ್ಟುಕೊಂಡ. ಇಪ್ಪತ್ತಾರಕ್ಕೆ ದೊಡ್ಡಕ್ಕ ಕಣ್ಣು ಮುಚ್ಚಿದಳು. ಹಣೆಯಲ್ಲಿ ಬೆವರು. ಅದು ನಟನೆಯಲ್ಲ ಎಂದು ನನಗೆ ಗೊತ್ತಿತ್ತು. ನನಗೂ ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗಿತ್ತು. ತಪ್ಪು ಮಾಡಿದೆನೇನೋ, ಎಲ್ಲರೆದುರು ಇವಳ ಮಾನ ಇನ್ನೊಂದು ಸಲ ಹೋದರೆ ಎಂದು ಹೆದರಿಕೆಯಾಯಿತು. ಅವಳು ಮೇಜಿನ ಕೆಳಗೆ ನನ್ನ ಕೈ ಹಿಡಿದು ಹಿಸುಕಿದಳು.

"ಇಪ್ಪತ್ತೇಳು" ಎಂದ ಮೈದುನ. ಗಡಿಯಾರ ನೋಡುವುದು ಅವನಿಗೆ ಅಭ್ಯಾಸ. ಆಮೇಲೆ ಯಾರೂ ಕೇಳದೆಯೇ, "ಸಾರ್, ಬೇಗ ಸಹಿ ಹಾಕ್ಬಿಡಿ ಸಾರ್. ಅವ್ರು ನಮ್ಮತ್ತಿಗೆ. ಹೇಳಿದ್ದು ಮಾಡೇ ಮಾಡ್ತಾರೆ" ಎಂದ.

ಕಂದು ಬೂಟು ನನ್ನ ತಪ್ಪೊಪ್ಪಿಗೆಯ ಕಾಗದವನ್ನೇ ತಿರುವಿ ಅದರ ಬೆನ್ನ ಮೇಲೆ ಎಂಟು ಹೆಸರು ಬರೆದರು. ಹೆಸರು ಒಂದೂ ಗೊತ್ತಿರಲಿಲ್ಲ, ಒಬ್ಬೊಬ್ಬರನ್ನೇ ಕೇಳಿ ಬರೆದರು. ಸಹಿ ಹಾಕಿದರು. ತಾತನೂ ಸಾಕ್ಷಿಗೆ ಸಹಿ ಹಾಕಿ, ಅಭ್ಯಾಸ ಬಲದಿಂದ ಮೂಲೆಯಲ್ಲಿ ತೂತು ಮಾಡಿ ದಾರ ಕಟ್ಟಿದರು. ಬಿಳಿ ಬೂಟು ಚೀಲದಿಂದ ಎಂಟು ಖಾಲಿ ಕಾರ್ಡು ತೆಗೆದು ಕಂಪ್ಯೂಟರಿಗೆ ಉಜ್ಜಿದ. ಮೊದಲನೆಯದು ದೊಡ್ಡಕ್ಕನಿಗೆ. ಸೊಂಟ ನೋವಿನ ಹೆಂಗಸು ಆ ರೀತಿ ಓಡುವುದನ್ನು ನಾನು ನೋಡಿರಲಿಲ್ಲ. ಅವಳ ಹಿಂದೆ ಒಬ್ಬರಾದ ಮೇಲೊಬ್ಬರು ಓಡಿದರು. ಕಾರಿಡಾರಿನಲ್ಲಿ ಹಸಿರು ದೀಪ ಹತ್ತಿ ಬಾಗಿಲು ತೆರೆಯುವ ಸದ್ದು ಟಿಣ್ ಟಿಣ್ ಎಂದು ಕೇಳಿಸಿತು.

ಕೊನೆಯ ಕಾರ್ಡು ನನ್ನದು. ತೆಗೆದುಕೊಂಡು ಬಾಗಿಲವರೆಗೆ ಬಂದೆ. ಅಲ್ಲಿ ಮೈದುನ ಪುಸ್ತಕ ಹಿಡಿದು ದಾರಿ ಬಿಟ್ಟು ನಿಂತಿದ್ದ. ನಾನು ನಿಂತೆ.

"ಪುಸ್ತಕ ತೆಗಿ."

"ಅತ್ತಿಗೆ, ಮೊದಲು ಹೋಗಿ ಬನ್ನಿ."

"ತೆಗಿ ಅಂದೆ. ಆ ಮೂರು ದಿನದ ಹಾಳೆ."

ತೆಗೆದ. 'ಬೇರೆ ಯಾರೂ ಒಳಗೆ ಹೋಗಿಲ್ಲ' ಎಂದು ಅವನ ಗುಂಡು ಅಕ್ಷರದಲ್ಲಿತ್ತು, ಕೆಳಗೆ ಸಹಿ.

"ಹೊಡೆದು ಹಾಕು."

"ಅತ್ತಿಗೆ, ನಿಮಗೆ ತಡೆಯೋಕಾಗ್ತಿಲ್ಲ, ಹೋಗಿ..."

"ಹೊಡೆದು ಹಾಕು. ಅತ್ತಿಗೆ ಬಂದಿದ್ದರು ಅಂತ ಬರಿ."

ಎರಡೂ ಕಾಲು ಹೆಣೆದುಕೊಂಡು, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಬರಬೇಕಾದ ಕಡೆ ಇನ್ನೂ ತಡೆದಿದ್ದೆ. ಅವನ ಪೆನ್ನು ಮೊದಲು ಮೂಡಲಿಲ್ಲ. ನಾಲಿಗೆಗೆ ತಾಕಿಸಿ, ಅಂಗೈಗೆ ಗೀಚಿ ನೋಡಿದ. ನನ್ನ ಪ್ರಾಣ ಹೋಗುವುದೊಂದು ಬಾಕಿ. ಕೊನೆಗೆ ಹಳೆಯ ಸಾಲನ್ನು ಹೊಡೆದು ಹಾಕಿ, ಅದರ ಮೇಲೆ ಬರೆದ. 'ಅತ್ತಿಗೆ ಬಂದಿದ್ದರು. ಹದಿನೇಳು ಸಲ.' ಮತ್ತೆ ಸಹಿ ಹಾಕಿದ. ಓದಿದೆ. ಕಾಗುಣಿತ ಸರಿ ಇತ್ತು.

ಓಡಿದೆ.

ಕಾರ್ಡು ಹಿಡಿದೆ, ಹಸಿರು ದೀಪ ಹತ್ತಿತು. ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಹಾಕಿದೆ. ಏಳು ವರ್ಷ ತೊಳೆದ ಜಾಗ. ಆ ಚಿಲಕ ಒಳಗಿನಿಂದ ಹೇಗೆ ಬೀಳುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕೂತೆ. ಹೊರಗೆ ಯಾರೂ ನಿಮಿಷ ಎಣಿಸುತ್ತಿರಲಿಲ್ಲ. ತಲೆ ಹಿಂದಕ್ಕೆ ಒರಗಿಸಿದಾಗ ಮೇಲಿನ ಚಾವಣಿ ಕಾಣಿಸಿತು. ಮೂಲೆಯಲ್ಲಿ ಅಂಗೈಯಗಲ ಜೇಡರ ಬಲೆ ಇತ್ತು. ಬಗ್ಗಿ ತೊಳೆಯುವಾಗ ಅದು ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ನಾಳೆ ನೋಡೋಣ ಎಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದೆ.